ಅವಳು ಬಿಗಿದ ಕಿಟಕಿ

"ಕೈ ತೆಗೀರಿ!"

ಅವಳ ಕೂಗಿಗೆ ಆ ಬಡಗಿ ಬೆಚ್ಚಿ ಕೈ ಎಳೆದುಕೊಂಡ. ಆದರೆ ಆಗುವುದು ಆಗಿಹೋಗಿತ್ತು. ಯಾರದೋ ದೋಣಿಗೆ ಅವಳು ಆಗಷ್ಟೇ ಕೂರಿಸಿದ್ದ ಕಿಟಕಿ, ಅದರ ಅಂಚಿನ ಹಸಿ ಅಂಟಿನಲ್ಲಿ ಅವನ ಐದೂ ಬೆರಳಿನ ಗುರುತು!

"ಕಣ್ಣು ಕಾಣಿಸಲ್ವೇನ್ರೀ?"

"ಈಗ ಕಾಣಿಸ್ತಿದೆ," ಎಂದ ಅವನು, ಅವಳ ಮುಖವನ್ನೇ ನೋಡುತ್ತಾ.

ಎಷ್ಟು ಸೊಕ್ಕು... ಎಂದುಕೊಂಡಳು. ಆದರೂ ಅಂಟು ಮೆತ್ತಿದ ಆ ಕೈಗೆ ಒರೆಸುವ ಬಟ್ಟೆ ಕೊಟ್ಟವಳೂ ಅವಳೇ. ಅಲ್ಲಿಗೆ ಹುಡುಗಿಯ ಕಥೆ ಮುಗಿಯಿತು ಅನ್ನಿ.

ಸೋದರಮಾವನ ದೋಣಿ ರಿಪೇರಿ ಅಂಗಳದಲ್ಲಿ ಕಿಟಕಿ ಕೆಲಸವೆಲ್ಲ ಅವಳದು. ಅವಳು ಕೂರಿಸಿದ ಕಿಟಕಿ ಒಂದು ಹನಿ ಸೋರಿದ್ದಿಲ್ಲ. ಆ ಜಂಬ ಅವಳಿಗೆ ಚೆನ್ನಾಗಿಯೇ ಇತ್ತು.

ಬಡಗಿ ಒಂದು ಹಳೆಯ ಹಾಯಿದೋಣಿ ಕೊಂಡು ತಂದು ಅಲ್ಲಿನ ಕಟ್ಟೆಗೆ ಕಟ್ಟಿದ್ದ. ಕಿಟಕಿಗಳು ಮಬ್ಬಾಗಿದ್ದವು, ಅಂಟು ಒಣಗಿ ಬಿರಿದಿತ್ತು. ಹೊರಗಿನಿಂದ ಅವಳು ಕಿಟಕಿ ಬದಲಿಸುವುದು, ಒಳಗೆ ಅವನು ಮರಗೆಲಸ ಮಾಡುವುದು ಎಂದು ಮಾತಾಯಿತು. ಕಿಟಕಿ ತೆಗೆದ ಖಾಲಿ ಜಾಗದಿಂದ ಇಬ್ಬರೂ ಟೀ ಲೋಟ ದಾಟಿಸುತ್ತಿದ್ದರು. ಒಮ್ಮೆ ಅವನು ಅವಳನ್ನು ಒಳಗೆ ಕರೆದು ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, "ಸ್ವಲ್ಪ ಟೇಪು ಹಿಡೀರಿ," ಎಂದು ಗೋಡೆಯ ಮೇಲೆ ಪೆನ್ಸಿಲ್ ಗೀಟು ಹಾಕಿಕೊಂಡಿದ್ದ. ಏನಕ್ಕೆ ಎಂದು ಅವಳು ಕೇಳಲಿಲ್ಲ. ಅವನ ತೋಳು ಅಷ್ಟು ಹತ್ತಿರ ಇದ್ದಾಗ ಏನು ತಾನೇ ಕೇಳಿಯಾಳು?

ಆದರೆ ಮಾತು ಮಾತ್ರ 'ರೀ' ದಾಟಲಿಲ್ಲ.

ಆಗ ಬಂದಳು ಇನ್ನೊಬ್ಬಳು. ದಿಂಬು, ಮೆತ್ತೆ ಹೊಲಿಯುವ ದರ್ಜಿ. ಉದ್ದನೆಯ ಹೆಂಗಸು, ಚೆಲುವೆ.

"ಏನೋ, ಇನ್ನೂ ಮುಗಿದಿಲ್ವಾ ನಿನ್ನ ಅರಮನೆ?"

ಏನೋ ಅಂತೆ... ನಿನ್ನ ಅಂತೆ!

ದರ್ಜಿ ದೋಣಿ ಹತ್ತಿದ್ದೇ ಅವನ ತೋಳು ಹಿಡಿದಳು. ಇಳಿಯುವ ತನಕ ಬಿಡಲಿಲ್ಲ. ಅವನು ಅವಳನ್ನು ಮೆಲ್ಲಗೆ ಕೂರಿಸಿ, ನೀರು ಕುಡಿಸಿದ. ಹೊರಗೆ ಅಂಟು ಕೆರೆಯುತ್ತಿದ್ದವಳ ಹೊಟ್ಟೆ ಉರಿದುಹೋಯಿತು. ನನಗೆ ಬೆರಳು ಕುಯ್ದಾಗ ಬರೀ ಬ್ಯಾಂಡೇಜು ಎಸೆದಿದ್ದ, ಇವಳಿಗೆ ನೀರು ಕುಡಿಸಬೇಕಾ?

ಮಾವನ ಬಾಯಿ ಬಿಡಿಸಿದರೆ, ಹಿಂದೆ ಅವರಿಬ್ಬರಿಗೂ ಮದುವೆ ಮಾತಾಗಿತ್ತಂತೆ, ಆಮೇಲೇನಾಯಿತೋ ಗೊತ್ತಿಲ್ಲ ಎಂದರು.

ಬಡಗಿ ಒಳಗೆ ಮಾಡಿದ್ದ ಹೊಸ ಸೀಟಿಗೆ ದರ್ಜಿ ಮೆತ್ತೆ ತಂದ ದಿನ ಹುಡುಗಿ ತಡೆಯಲಾರದೆ ಕೇಳಿಯೇಬಿಟ್ಟಳು. "ಈ ಸೀಟು ಯಾರಿಗೆ?"

"ಜೊತೆಗೆ ಬರೋರಿಗೆ," ಎಂದು ಅವನು ತಲೆ ತಗ್ಗಿಸಿದ. ದರ್ಜಿ ಕಿಸಕ್ಕನೆ ನಕ್ಕಳು.

ಸಾಕಿತ್ತು.

ಆ ಸೀಟಿನ ಮೇಲಿನ ಕಿಟಕಿಯೊಂದೇ ಬಾಕಿ. ಕಿಟಕಿಯ ಸ್ಕ್ರೂಗಳನ್ನು ಮೊದಲ ದಿನ ಅರ್ಧ ಮಾತ್ರ ಬಿಗಿಯಬೇಕು. ಅಂಟು ಗಟ್ಟಿಯಾದ ಮೇಲೆ, ಮರುದಿನ, ಉಳಿದದ್ದು. ಒಂದೇ ಸಲ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗುತ್ತದೆ. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಒಳಗಿನಿಂದ ಆ ನಗು ಕೇಳಿಸುತ್ತಲೇ ಇತ್ತು... ಪ್ರತಿ ನಗುವಿಗೂ ಅವಳು ಒಂದು ಸುತ್ತು ಬಿಗಿದಳು. ಇದು ಮುಗಿದರೆ ಇವನ ಮುಖ ಮತ್ತೆ ನೋಡುವಂತಿಲ್ಲ ಎಂದು ಕಣ್ಣೊರೆಸಿಕೊಂಡು ಇನ್ನೊಂದು ಸುತ್ತು.

ಮರುದಿನ ಮಾವ ಪೈಪು ಹಿಡಿದು ಕಿಟಕಿಗಳಿಗೆ ನೀರು ಬಿಟ್ಟರು. ಬೇರೆಲ್ಲ ಒಣಗಿತ್ತು. ಆ ಕಿಟಕಿಯಿಂದ ಮಾತ್ರ ಹೊಸ ಮೆತ್ತೆಯ ಮೇಲೆ ತೊಟ್ಟಿಕ್ಕತೊಡಗಿತು.

ಮಾವ ಸ್ಕ್ರೂಗಳನ್ನು ನೋಡಿದರು, ಸೊಸೆಯ ಕೆಂಪಗಾದ ಕಣ್ಣು ನೋಡಿದರು. "ನೀನು ಬಿಗಿದದ್ದು ಸ್ಕ್ರೂ ಅಲ್ಲ ಕಣೇ, ಸಿಟ್ಟು," ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ನಾಚಿಕೆಯಿಂದ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಕಿಟಕಿ ಬಿಚ್ಚಿದಳು. ಒಳಗಿನ ಅಂಚಿನ ಅಂಟು ಕೆರೆಯಲು ಆ ಸೀಟಿನ ಮೇಲೇ ಕೂರಬೇಕಾಯಿತು.

ಕೂತವಳು ಹಾಗೇ ಉಳಿದಳು. ಯಾವ ಕುರ್ಚಿಯಲ್ಲಿ ಕೂತರೂ ನೆಲ ಎಟುಕದ ಅವಳ ಪಾದ ಇಲ್ಲಿ ಸರಿಯಾಗಿ ನೆಲ ಮುಟ್ಟಿತ್ತು. ಕಣ್ಣಿಗೆ ನೇರವಾಗಿ ಕಿಟಕಿಯ ಜಾಗ, ಅದರಾಚೆ ನೀರು. ಪಕ್ಕದ ಗೋಡೆಯ ಮೇಲೆ ಅಂದಿನ ಪೆನ್ಸಿಲ್ ಗೀಟು.

ಆ ಉದ್ದನೆಯ ದರ್ಜಿ ಇಲ್ಲಿ ಕೂತರೆ ಮೊಣಕಾಲು ಎದೆಗೆ ತಾಗುತ್ತದೆ...

"ಇದು... ನನ್ನ ಅಳತೆನಾ?"

ಬಾಗಿಲಲ್ಲಿ ನಿಂತಿದ್ದ ಬಡಗಿ ತಲೆಯಾಡಿಸಿದ.

"ಅವಳ ಜೊತೆ ಮದುವೆ ಮಾತಾಗಿತ್ತಂತೆ?"

"ಆಗಿತ್ತು. ಕಟ್ಟಿದ ದೋಣೀಲೂ ಅವಳಿಗೆ ತಲೆ ಸುತ್ತುತ್ತೆ. ತೋಳು ಹಿಡ್ಕೊಳ್ಳದಿದ್ರೆ ವಾಂತಿ ಮಾಡ್ಕೋತಾಳೆ. ಇಬ್ಬರೂ ಬೇಡ ಅಂದ್ವಿ. ಈಗ ಅವಳಿಗೆ ಗಂಡ ಇದ್ದಾನೆ, ನೆಲದ ಮೇಲೆ."

"ಮತ್ತೆ ಅಷ್ಟು ನಗ್ತಿದ್ಲು?"

"ನನ್ನನ್ನ ನೋಡಿ ನಗ್ತಿದ್ಲು. ಸೀಟು ಮಾಡೋಕೆ ಬರುತ್ತೆ, ಬಾಯಿ ಬಿಟ್ಟು ಕೇಳೋಕೆ ಬರಲ್ಲ ಅಂತ." ಅವನು ಅವಳ ಮುಂದೆ ಕೂತ. "ಈಗ ಕೇಳ್ತಿದೀನಿ. ಬರ್ತೀರಾ, ನನ್ನ ಜೊತೆ?"

ಅವಳ ಕಣ್ಣು ತುಂಬಿ ಬಂತು. ಹೊಸ ಅಂಟು ಹಚ್ಚಿದಳು, ಕಿಟಕಿ ಕೂರಿಸಿದಳು, ಸ್ಕ್ರೂಗಳನ್ನು ಅರ್ಧ ಬಿಗಿದು ಕೈ ತೆಗೆದಳು.

"ಉಳಿದದ್ದು ನಾಳೆ," ಎಂದಳು.

"ನಾಳೆ ಇದೂ ಮುಗಿದುಹೋಗುತ್ತಲ್ಲ. ಆಮೇಲೆ ಇಲ್ಲಿಗೆ ಬರೋಕೆ ನಿಮಗೇನು ನೆಪ?"

"ಬೇರೆ ಕಿಟಕಿಗಳಿಲ್ವಾ?"

"ಅವು ಸೋರ್ತಿಲ್ಲ."

ಅವಳು ಮೊದಲ ಸಲ ಅವನ ಕೈ ಹಿಡಿದುಕೊಂಡಳು.

"ಸೋರೋ ಹಾಗೆ ಮಾಡ್ತೀನಿ, ನೀನು ಸುಮ್ನಿರೋ."