ಗುಡುಗಮ್ಮನ ಎಡಗಾಲು

"ಈ ಚೀಟಿ ಬರೆದಿದ್ದು ನೀವೇನಾ?"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಡಾಕ್ಟರ ಕೈಯಲ್ಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು.

ಎದುರಿಗೆ ನಿಂತಿದ್ದವಳು ಸೈನಿಕ ಅಕಾಡೆಮಿಯ ವ್ಯಾಯಾಮ ಶಿಕ್ಷಕಿ. ಕತ್ತಿನಲ್ಲಿ ಸೀಟಿ, ಮೊಣಕಾಲವರೆಗೆ ಮೈದಾನದ ಧೂಳು. ಶಿಬಿರಾರ್ಥಿಗಳು ಅವಳ ಬೆನ್ನ ಹಿಂದೆ ಗುಡುಗಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಕೋಪಕ್ಕೆ ಕಣ್ಣಿಲ್ಲ ಅಂತಾರೆ... ಇವಳ ಕೋಪಕ್ಕೆ ಕಣ್ಣೂ ಇತ್ತು, ಕಾಲೂ ಇತ್ತು, ಕಾಲಿಗೆ ಶೂ ಕೂಡ ಇತ್ತು.

ಬಂದು ಎಂಟು ದಿನವಷ್ಟೇ ಆಗಿದ್ದ ಡಾಕ್ಟರು ಅವಳ ಮುಖವನ್ನು ಅದುವರೆಗೆ ಕಂಡಿರಲಿಲ್ಲ. ಕಂಡಿದ್ದು ಅವಳ ಎಡಗಾಲಿನ ಎಕ್ಸ್‌ರೇ ಮಾತ್ರ.

"ನಾನೇ ಬರೆದಿದ್ದು. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ. ನನ್ನನ್ನ ಯಾಕೆ ಕೂರಿಸಿದ್ರಿ ಅಂತ ಕೇಳೋಕೆ ಬಂದೆ."

ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳಿದೆ, ಹತ್ತು ವಾರ ಓಡಬಾರದು ಎಂದಿತ್ತು ಆ ಚೀಟಿ. ಶಿಕ್ಷಕರ ವಾರ್ಷಿಕ ಓಟದ ಪರೀಕ್ಷೆಗೆ ಇನ್ನು ಮೂರೇ ದಿನ. ಓಡದವರಿಗೆ ಮೈದಾನವಿಲ್ಲ, ಉಗ್ರಾಣದಲ್ಲಿ ಬೂಟು, ಕಂಬಳಿ ಎಣಿಸುವ ಕೆಲಸ. ಆ ಮೈದಾನಕ್ಕೆ ಬಂದ ಮೊದಲ ಹೆಣ್ಣು ಅವಳು. ಸೇರಿದ ದಿನವೇ ಮುಖ್ಯಾಧಿಕಾರಿ ಮೀಸೆಯಡಿ ನಕ್ಕು, ಹೆಣ್ಣು ಮೂಳೆ ಎಷ್ಟು ದಿನ ತಡೆಯುತ್ತದೋ ನೋಡೋಣ ಎಂದಿದ್ದರು. ಮೂರು ವರ್ಷ ಹಲ್ಲು ಕಚ್ಚಿ ಕೊಟ್ಟ ಉತ್ತರವನ್ನು ಈ ಒಂದು ಚೀಟಿ ಅಳಿಸಿಹಾಕಿತ್ತು. ಅದೂ ಅವಳ ಕೈಗೆ ಬರುವ ಮುಂಚೆ ಮುಖ್ಯಾಧಿಕಾರಿಯ ಮೇಜು ತಲುಪಿತ್ತು!

ಸೀಳು ಹೇಗಾಯಿತು ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

"ನಿಮ್ಮ ಪೆನ್ನಿಂದ ಆಯ್ತು," ಎಂದು ಹೇಳಿ ಹೊರಟುಹೋದಳು.

ಅವಳು ಹೇಳದ್ದನ್ನು ಶಿಬಿರಾರ್ಥಿಗಳೇ ಡಾಕ್ಟರಿಗೆ ಹೇಳಿದರು. ಬೇರೆ ಶಿಕ್ಷಕರು ಗೆರೆಯ ಹತ್ತಿರ ನಿಂತು ಸೀಟಿ ಊದುತ್ತಿದ್ದರು. ಇವಳು ಮಾತ್ರ ಎಲ್ಲರಿಗಿಂತ ಹಿಂದೆ ಬಿದ್ದವನ ಹಿಂದೆ ಓಡುವಳು. ಯಾರಾದರೂ ಮುಗ್ಗರಿಸಿದರೆ, ಬೆನ್ನಿಗೆ ತನ್ನ ಚೀಲವಿದ್ದರೂ ಅವನ ಹನ್ನೆರಡು ಕಿಲೋ ಚೀಲವನ್ನೂ ಎದೆಗೆ ಕಟ್ಟಿಕೊಂಡು, ಬೈಯುತ್ತ ಬೈಯುತ್ತ ಅವನನ್ನು ಗೆರೆ ದಾಟಿಸುವಳು. ಅವಳ ಕೈಕೆಳಗೆ ಒಬ್ಬನೂ ಓಟ ಬಿಟ್ಟು ಮನೆಗೆ ಹೋಗಿರಲಿಲ್ಲ.

ಆ ಸಂಜೆ ಕಚೇರಿಯ ಕಿಟಕಿಯಲ್ಲಿ ಅವಳಿಗೆ ಕಂಡದ್ದೇನು? ಮುಖ್ಯಾಧಿಕಾರಿ ಹೊಟ್ಟೆ ಹಿಡಿದು ನಗುತ್ತಿದ್ದಾರೆ, ಎದುರಿಗೆ ಅದೇ ಡಾಕ್ಟರು!

'ಇಬ್ಬರೂ ಸೇರಿ ಆಡಿದ ಆಟ... ನಾನು ಡಾಕ್ಟರನ್ನ ಬರೀ ಪೆದ್ದ ಅಂದ್ಕೊಂಡಿದ್ದೆ.'

ಕಾಲು ಮುರಿದರೂ ಸರಿ, ಓಡಿಯೇ ತೋರಿಸುತ್ತೇನೆ ಎಂದು ಮರುದಿನ ಬೆಳಗಾಗುತ್ತಲೇ ಮೈದಾನಕ್ಕೆ ಬಂದಳು. ಅಲ್ಲಿ ಆಗಲೇ ಒಬ್ಬ ಓಡುತ್ತಿದ್ದ. ಬೆನ್ನಿಗೊಂದು ಚೀಲ, ಎದೆಗೊಂದು ಚೀಲ, ನಡುವೆ ಏದುಸಿರು. ತುಂಬಿದ ಕೊಡ ಹೊತ್ತ ಬಾತುಕೋಳಿಯ ನಡಿಗೆ. ಮೂರನೆಯ ತಿರುವಿನಲ್ಲಿ ಧೊಪ್ಪನೆ ಬಿದ್ದವರು... ಡಾಕ್ಟರು!

"ಏನ್ರೀ ಇದು?"

ಧೂಳು ಉಗುಳಿ, ಉಳುಕಿದ ಪಾದ ಹಿಡಿದುಕೊಂಡೇ ಅವರು ಹೇಳಿದರು. ಸೀಳಿಗೆ ಕಾರಣ ಹೆಣ್ಣು ಮೂಳೆಯಲ್ಲ, ಮೂರು ವರ್ಷ ಹೊತ್ತ ಎರಡು ಚೀಲ, ಕಾಲು ವಾಸಿಯಾಗುವವರೆಗೆ ಪರೀಕ್ಷೆ ಮುಂದೂಡಿ ಎಂದು ಹಿಂದಿನ ಸಂಜೆ ಕಚೇರಿಯಲ್ಲಿ ವಾದಿಸಿದ್ದರಂತೆ. ಹಾಗಿದ್ದರೆ ನೀವೇ ಹೊತ್ತು ಓಡಿ ನೋಡಿ ಎಂದು ಮುಖ್ಯಾಧಿಕಾರಿ ನಕ್ಕಿದ್ದರಂತೆ.

ತಾನು ಅಂದುಕೊಂಡಿದ್ದೆಲ್ಲ ತಪ್ಪು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನನ್ನ ಪರವಾಗಿ ಓಡಿ ಅಂತ ನಾನು ಕೇಳಿದ್ನಾ? ಚೀಟಿ ಕಳಿಸೋ ಮುಂಚೆ ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ? ಕಾಲು ನಂದು."

"ಹೇಳ್ಬೇಕಿತ್ತು. ತಪ್ಪಾಯ್ತು."

ಆ ಅಕಾಡೆಮಿಯಲ್ಲಿ ಅವಳಿಗೆ ಯಾರೂ ತಪ್ಪಾಯ್ತು ಎಂದಿರಲಿಲ್ಲ. ಎರಡೂ ಚೀಲಗಳನ್ನು ಬಿಚ್ಚಿ ಎಸೆದು, ಅವರ ತೋಳು ತನ್ನ ಹೆಗಲಿಗೆ ಹಾಕಿಕೊಂಡು ನೇರ ಮುಖ್ಯಾಧಿಕಾರಿಯ ಮುಂದೆ ನಿಲ್ಲಿಸಿದಳು.

"ಸರ್, ಇಲ್ಲಿ ಗಂಡು ಮೂಳೆ ಇರೋ ಶಿಕ್ಷಕರು ಏಳು ಜನ. ಇವತ್ತು ಯಾರಾದ್ರೂ ಒಬ್ರು ಎರಡು ಚೀಲ ಹೊತ್ತು ಐದು ಕಿಲೋಮೀಟರ್ ಓಡ್ಲಿ. ನಾನೇ ಉಗ್ರಾಣಕ್ಕೆ ಹೋಗ್ತೀನಿ."

ಬೆಳಗಿನ ಸಭೆಗೆ ಅಲ್ಲೇ ಸೇರಿದ್ದ ಏಳು ಜನರೂ ಗೋಡೆಯ ಗಡಿಯಾರ ನೋಡಿದರು. ಒಬ್ಬರಿಗೆ ಸೊಂಟ ನೋವು ನೆನಪಾಯಿತು. ಮುಖ್ಯಾಧಿಕಾರಿಯ ಮೀಸೆ ಇಳಿಯಿತು. ಹತ್ತು ವಾರ ಸಿಕ್ಕಿತು.

ಆ ಹತ್ತು ವಾರ, ಭಾನುವಾರ ಬಿಟ್ಟು, ದಿನಾ ಮಧ್ಯಾಹ್ನ ಅವಳು ಚಿಕಿತ್ಸಾ ಕೋಣೆಗೆ ಹೋದಳು, ದಿನಾ ಜಗಳವಾಡಿದಳು. ಜಗಳವಿಲ್ಲದ ಭಾನುವಾರಗಳು ಯಾಕೆ ಇಷ್ಟು ಉದ್ದ ಎಂದು ಅಕ್ಕನನ್ನು ಫೋನಿನಲ್ಲಿ ಕೇಳಿದಾಗ ಅಕ್ಕ ನಕ್ಕಳು. ಆ ನಗುವಿಗೂ ಇವಳಿಗೆ ಸಿಟ್ಟೇ!

ಪರೀಕ್ಷೆಯ ದಿನ ಗಡುವಿಗೆ ಹನ್ನೊಂದು ಸೆಕೆಂಡು ಉಳಿದಿರುವಾಗಲೇ ಅವಳು ಗೆರೆ ದಾಟಿದಳು. ಶಿಬಿರಾರ್ಥಿಗಳ ಕೂಗಿಗೆ ಮೈದಾನವೇ ನಡುಗಿತು. ಡಾಕ್ಟರು ಓಡಿಬಂದು ಮಂಡಿಯೂರಿ ಎಡಗಾಲು ಮುಟ್ಟಿ ನೋಡಿದರು.

"ಕಾಲು ಹೇಗಿದೆ?"

ಅವಳ ಕಣ್ಣು ತುಂಬಿ ಬಂತು. ಧ್ವನಿ ಮಾತ್ರ ಗುಡುಗೇ.

"ಹತ್ತು ವಾರದಿಂದ ಕಾಲು ಹೇಗಿದೆ, ಕಾಲು ಹೇಗಿದೆ... ನಾನು ಹೇಗಿದ್ದೀನಿ ಅಂತ ಒಂದು ದಿನ ಕೇಳಿದ್ರಾ?"

ಅವರು ಮಂಡಿಯೂರಿದಂತೆಯೇ ತಲೆ ಎತ್ತಿದರು.

"ಕೇಳಿದ್ರೆ ಇನ್ನು ಬರೋದೇ ಇಲ್ಲ ಅಂದ್ಬಿಡ್ತೀರೇನೋ ಅಂತ ಭಯ ಇತ್ತು. ನೀವು ಬರದ ದಿನ ನನಗೆ ಏನೂ ಬೇಕನ್ನಿಸಲ್ಲ... ಹೇಗಿದ್ದೀರಿ?"

"ಕೋಪದಲ್ಲಿದ್ದೀನಿ."

"ಎಷ್ಟು ದಿನ ಇರತ್ತೆ?"

ಅವಳು ಕೈ ಚಾಚಿ ಅವರನ್ನು ಎಬ್ಬಿಸಿದಳು. ಎದ್ದ ಮೇಲೂ ಆ ಕೈಯನ್ನು ಬಿಡಲಿಲ್ಲ.

"ಜೊತೆಗಿದ್ದು ನೋಡ್ಕೊಳ್ಳಿ."