ಅಳಿಸದ ಪೆನ್ಸಿಲ್ ಗೀಟು

ಕಾದಂಬರಿಯ ಕೊನೆಯ ನಾಲ್ಕು ಪುಟ ಮಾತ್ರ ಕೈಬರಹದಲ್ಲಿದ್ದವು. ನೀಲಿ ಶಾಯಿ, ದುಂಡನೆಯ ಅಕ್ಷರ.

ಎಪ್ಪತ್ತನಾಲ್ಕನೇ ಇಸವಿ. ರಾಜಾಜಿನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ನಾನೇ ಕೇಳಿ ತರಿಸಿಕೊಂಡ ಪುಸ್ತಕ ಅದು. ಕನಸಿನಲ್ಲಿ ಕಂಡ ಕಡಲನ್ನು ಹುಡುಕಿಕೊಂಡು ಮಗ್ಗ ಬಿಟ್ಟು ಹೊರಡುವ ನೇಕಾರನ ಕಥೆ. ಬದುಕಿನ ಅರ್ಥವನ್ನು ಅಷ್ಟು ಮೆತ್ತಗೆ ಹೇಳಿದ ಪುಸ್ತಕವನ್ನು ನಾನು ಅದುವರೆಗೆ ಓದಿರಲಿಲ್ಲ. ಕೊನೆಯಲ್ಲಿ ಅವನ ಪ್ರೇಯಸಿ ಹೊನ್ನಿ ಹೇಳುತ್ತಾಳೆ: “ನನಗೂ ಒಂದು ಕಡಲಿದೆ. ನಾನೂ ಹೊರಟೆ.”

ಆ ಮಾತಿನ ಬಲದಿಂದಲೇ ಬಾಯಿಬಿಟ್ಟೆ. “ಅಪ್ಪಾಜಿ, ಹೆಣ್ಣು ನೋಡೋಕೆ ಬರಬೇಡಿ ಅಂತ ಗಂಡಿನ ಕಡೆಯವರಿಗೆ ಹೇಳಿಬಿಡಿ. ನಾನು ಎಂ.ಎ. ಮಾಡ್ತೀನಿ.”

ಅಪ್ಪಾಜಿ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಪೂಜೆ ಮುಗಿಸಿ ಬಂದವರೇ ಅರ್ಜಿಗೆ ಸಹಿ ಹಾಕಿದರು.

ಆಮೇಲೆ ನನ್ನ ಬಿ.ಎ. ಕಾಲೇಜಿನಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲಿ ಹೊನ್ನಿ ಹೊಸ್ತಿಲಲ್ಲಿ ನಿಂತು ಕಾಯುತ್ತಾಳೆ, ಅಷ್ಟೇ!

ಲೈಬ್ರರಿಯ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ ಪಂಚಾಕ್ಷರಿಯವರ ಅಂಗಡಿಗೆ ಕೈಬರಹದ ಪ್ರತಿ ಹಿಡಿದು ನೇರವಾಗಿ ಹೋದೆ. ಅವರ ಬೆರಳ ತುಂಬಾ ಮೈದಾ ಅಂಟು.

“ಇದು ಮೋಸ ಅಲ್ವಾ ಸಾರ್?”

“ಕೊನೇ ಪುಟಗಳು ಹರಿದುಹೋಗಿದ್ವು. ನೆನಪಿಂದ ಬರೆದೆ.”

“ನೆನಪು ಇಷ್ಟೊಂದು ತಪ್ಪುತ್ತಾ?”

ಅವರ ಕಿವಿ ಕೆಂಪಾಯಿತು. ಮೂಲೆಯಿಂದ ಇನ್ನೊಂದು ಹಳೆಯ ಪುಸ್ತಕ ತೆಗೆದು ಮುಂದಿಟ್ಟರು. ಅಂಚಿನಲ್ಲಿ ನಾನೇ ಎಂದೋ ಬರೆದಿದ್ದ ಪೆನ್ಸಿಲ್ ಸಾಲು: ‘ಹೆಣ್ಣು ಯಾವಾಗಲೂ ಬಾಗಿಲಲ್ಲೇ ಯಾಕೆ ನಿಲ್ಲಬೇಕು?’

“ಬೈಂಡ್ ಹಾಕೋ ಮುಂಚೆ ಎಲ್ಲರ ಗೀಟೂ ರಬ್ಬರಲ್ಲಿ ಅಳಿಸ್ಬೇಕು ಬಸವರಾಜೇಶ್ವರಿಯವರೇ. ಈ ಪುಸ್ತಕ ಕೊನೆಗೆ ಒಯ್ದೋರು ನೀವು ಅಂತ ಲೈಬ್ರರಿ ಚೀಟೀಲಿತ್ತು. ನಿಮ್ಮದನ್ನ ಅಳಿಸೋಕೆ ಕೈ ಬರ್ಲಿಲ್ಲ. ಆ ಕಾದಂಬರಿ ಕೇಳಿರೋದು ನೀವೇ ಅಂತ ಗೊತ್ತಾದ ಮೇಲೆ, ಹೊನ್ನಿಯನ್ನ ಹೊಸ್ತಿಲಲ್ಲಿ ನಿಲ್ಲಿಸೋಕೂ ಮನಸ್ಸು ಬರ್ಲಿಲ್ಲ.”

ನನಗೆ ಜಗಳ ಮರೆತುಹೋಯಿತು. ಕೈಬರಹದ ಪುಟಗಳನ್ನು ತಿರುವುತ್ತಾ ಕೇಳಿದೆ, “ಅಂಚು ಇಷ್ಟು ಅಗಲ ಯಾಕೆ ಬಿಟ್ಟಿದೀರಿ?”

“ನೀವು ಬರೀತೀರಲ್ಲ... ಜಾಗ ಸಾಲ್ಬೇಕಲ್ಲ.”

ತಲೆ ಎತ್ತಿದೆ. ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಣ್ಣು ತಪ್ಪಿಸಿದರು. ದಾರ ಆಗಲೇ ಪೋಣಿಸಿಯಾಗಿತ್ತು.

“ಎಂ.ಎ. ಮೈಸೂರಲ್ಲಿ,” ಎಂದೆ. “ಎರಡು ವರ್ಷ.”

“ಹೋಗಿಬನ್ನಿ. ಈ ಸಲ ಹೊಸ್ತಿಲಲ್ಲಿ ನಿಲ್ಲೋ ಸರದಿ ನಂದು.”

ಅವರ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡೆ. ಆ ಅಗಲವಾದ ಅಂಚಿನಲ್ಲಿ ಒಂದೇ ಪದ ಬರೆದೆ: ‘ಬರ್ತೀನಿ.’

ಪಂಚಾಕ್ಷರಿ ಅದನ್ನು ಎರಡು ಸಲ ಓದಿದರು. ಆಮೇಲೆ ರಬ್ಬರನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದರು.