ಹನ್ನೊಂದು ಹೆಬ್ಬಾತುಗಳು

ಚೀಲದ ಬಾಯಿ ಬಿಚ್ಚಿ ಒಳಗೆ ಒಮ್ಮೆ ಇಣುಕಿದ ಅನಂತಪದ್ಮನಾಭ ಮೇಷ್ಟ್ರು ಅಲ್ಲೇ ಕೆರೆ ಏರಿಯ ಮೇಲೆ ಕುಳಿತುಬಿಟ್ಟರು.

"ಇಲ್ಲ," ಎಂದರು. "ಪುಸ್ತಕ ಇಲ್ಲ."

"ಯಾರೋ ಕದ್ದುಬಿಟ್ರು!" ಎಂದು ವೆಂಕಟಾಚಲ ಕೂಗಿಕೊಂಡ.

೧೯೬೫ರ ಜನವರಿಯ ಒಂದು ಭಾನುವಾರ. ಬೆಳಗಿನ ಆರೂವರೆ. ಮಡಿವಾಳ ಕೆರೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಪಕ್ಕದಲ್ಲಿ ನಿಂತವರು ಯಾರು ಎಂದು ಗುರುತು ಹಿಡಿಯುವಷ್ಟು ಮಾತ್ರ ಬೆಳಕಿತ್ತು.

ಯಾವ ಪುಸ್ತಕ ಎಂದು ನಾವು ಯಾರೂ ಕೇಳಲಿಲ್ಲ. ಇದ್ದದ್ದು ಒಂದೇ ಪುಸ್ತಕ. ಕಪ್ಪು ರಟ್ಟಿನ ಆ ದಪ್ಪ ರಿಜಿಸ್ಟರಿನಲ್ಲಿ, ಹಕ್ಕಿ ನೋಡುವ ನಮ್ಮ ಜಯನಗರದ ಪುಟ್ಟ ಗುಂಪು ಏಳು ಚಳಿಗಾಲ ಕಂಡದ್ದೆಲ್ಲ ದಾಖಲಾಗಿತ್ತು. ಅಂದು ಹತ್ತು ಗಂಟೆಗೆ ಬೊಂಬಾಯಿಯ ಪಕ್ಷಿತಜ್ಞರ ಸಂಘವೊಂದರಿಂದ ಒಬ್ಬರು ಮೇಷ್ಟ್ರ ಮನೆಗೇ ಬಂದು ಅದನ್ನು ಒಯ್ಯುವವರಿದ್ದರು. ಅಚ್ಚು ಹಾಕಿಸುತ್ತೇವೆ ಎಂದು ಕಾಗದ ಬರೆದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರಿಗೆ ಬದುಕಿನಲ್ಲಿ ಸಿಕ್ಕ ಒಂದೇ ಒಂದು ಮನ್ನಣೆ ಅದು. ಆ ಕಾಗದವನ್ನು ಜೇಬಿನಿಂದ ತೆಗೆದು ಮಡಿಸಿ, ತೆಗೆದು ಮಡಿಸಿ, ಮಡಿಕೆಯಲ್ಲೇ ಅದು ಹರಿದುಹೋಗಿತ್ತು.

ನಾವಿದ್ದದ್ದು ನಾಲ್ವರು. ಮೇಷ್ಟ್ರು. ಬ್ಯಾಂಕಿನ ಗುಮಾಸ್ತ ವೆಂಕಟಾಚಲ. ತಂತಿ ಕಚೇರಿಯಲ್ಲಿ ಕೆಲಸಕ್ಕಿದ್ದ ನಾನು, ತಿರುಮಲೇಶ. ಮತ್ತೆ ಗಿರಿಜಾದೇವಿ — ಹುಡುಗಿಯರ ಮಿಡ್ಲ್ ಸ್ಕೂಲೊಂದರ ಹೆಡ್ ಮಿಸ್. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಗೋಡೆಗೆ ಮುಖ ಮಾಡಿ ನಿಂತೇ ಹಿಡಿಯುತ್ತಾರೆ ಎಂಬ ಖ್ಯಾತಿ ಅವರದು. ಐವತ್ತರ ವಯಸ್ಸಿನಲ್ಲಿ ಕ್ಯಾನ್ವಾಸ್ ಷೂ ತೊಟ್ಟು ಲೇಡೀಸ್ ಸೈಕಲ್ ತುಳಿಯುವ ಅವರನ್ನು ಕಂಡು ನಗುವ ಧೈರ್ಯ ಇಡೀ ಜಯನಗರದಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ.

"ಯಾರೂ ಗಾಬರಿ ಆಗ್ಬೇಡಿ," ಎಂದರು ಅವರು. "ಹತ್ತು ಗಂಟೆಗೆ ಇನ್ನೂ ಮೂರೂವರೆ ಗಂಟೆ ಇದೆ. ಆ ಚೀಲ ಇಲ್ಲಿ ಕೊಡಿ."

ಅದು ಮೇಷ್ಟ್ರ ಹಳೆಯ ಕಪ್ಪು ಕ್ಯಾನ್ವಾಸ್ ಚೀಲ. ಗಿರಿಜಾದೇವಿ ಅದರೊಳಗೆ ಮೊಳಕೈವರೆಗೆ ಕೈ ಇಳಿಸಿ, ತಡವಿ ತಡವಿ ಒಂದೊಂದನ್ನೇ ಹೊರತೆಗೆದರು. ಕಾಫಿ ಫ್ಲಾಸ್ಕು. ಒಂದು ಟವಲು. ಪೆನ್ಸಿಲು. ಕೊನೆಗೆ ಹಿತ್ತಾಳೆಯ ದುರ್ಬೀನು.

"ದುರ್ಬೀನು ಬಿಟ್ಟು ರಿಜಿಸ್ಟರ್ ಕದಿಯೋ ಕಳ್ಳ! ವಿಚಿತ್ರ ಅಲ್ವಾ?" ಎಂದರು. "ಮೇಷ್ಟ್ರೇ, ಪುಸ್ತಕಾನ ಚೀಲಕ್ಕೆ ಹಾಕೋದು ಯಾವಾಗ?"

"ಪ್ರತಿ ಶನಿವಾರ ಸಂಜೆ ಹಾಕಿಡ್ತೀನಲ್ಲಮ್ಮ."

"ನಿನ್ನೆ ಸಂಜೆ ಮನೆಗೆ ಯಾರು ಬಂದಿದ್ರು?"

ವೆಂಕಟಾಚಲ ಕೆಮ್ಮಿದ. "ನಾನು ಹೋಗಿದ್ದೆ ಮಿಸ್."

"ಯಾಕೆ?"

"ಅಚ್ಚಾಗೋ ವರದೀಲಿ ನನ್ನ ಹೆಸರೂ ಸೇರಿಸಿ ಅಂತ ಕೇಳೋಕೆ. ಐದು ವರ್ಷದಿಂದ ಬರ್ತಿದೀನಲ್ಲ."

"ಏನಂದ್ರು?"

"'ನಿನ್ನ ಹೆಸರು ಬರದೇ ಇದ್ರೇ ನಿನಗೆ ಒಳ್ಳೇದು ಕಣಯ್ಯ' ಅಂದ್ರು."

"ಕೋಪ ಬಂತಾ?"

"ಬಂತು. ಸುಳ್ಳು ಯಾಕೆ ಹೇಳ್ಲಿ? ಕಾಫಿ ಕುಡೀದೇ ಎದ್ದು ಬಂದೆ. ಆದ್ರೆ ಪುಸ್ತಕ ಮುಟ್ಟಿಲ್ಲ. ನಮ್ಮಮ್ಮನಾಣೆ!"

ಗಿರಿಜಾದೇವಿ ನನ್ನ ಕಡೆ ತಿರುಗಿದರು. "ಚೀಲ ಇಲ್ಲಿವರೆಗೆ ತಂದೋರು?"

"ನಾನೇ. ಹ್ಯಾಂಡಲ್‌ಗೆ ನೇತು ಹಾಕಿದ್ದೆ. ಮೇಷ್ಟ್ರು ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ರು."

ಎರಡು ಚಳಿಗಾಲದಿಂದ ಮೇಷ್ಟ್ರು ತಮ್ಮ ಸೈಕಲ್ ಮೂಲೆಗಿಟ್ಟು ಹಾಗೇ ಬರುತ್ತಿದ್ದರು. ಮಂಡಿ ನೋವು ಎನ್ನುತ್ತಿದ್ದರು.

"ದಾರೀಲಿ ಎಲ್ಲಾದ್ರೂ ನಿಂತ್ರಾ?"

"ತಿಲಕ್ ನಗರದಲ್ಲಿ, ಕಾಫಿಗೆ. ಐದು ನಿಮಿಷ ಸೈಕಲ್ ಹೊರಗಿತ್ತು."

"ಆಮೇಲೆ ಚೀಲ ಹಗುರ ಅನ್ನಿಸ್ತಾ?"

ನಾನು ಯೋಚಿಸಿದೆ. "ಇಲ್ಲ. ಮನೆಯಿಂದ ಹೊರಟಾಗ ಎಷ್ಟಿತ್ತೋ ಅಷ್ಟೇ ಇತ್ತು."

"ಹೂಂ," ಎಂದರು. ಆ 'ಹೂಂ' ನನಗೆ ಹಿಡಿಸಲಿಲ್ಲ. ಬಾಗಿದ ತಲೆಯ ಮೇಷ್ಟ್ರನ್ನು ವೆಂಕಟಾಚಲನ ಸುಪರ್ದಿಗೆ ಬಿಟ್ಟು, ನನ್ನನ್ನು ಕರೆದುಕೊಂಡು ಅವರು ಕೆರೆ ಪಕ್ಕದ ಕೊಟ್ಟಿಗೆಗೆ ನಡೆದರು. ನಾವು ಸೈಕಲ್ ನಿಲ್ಲಿಸುತ್ತಿದ್ದದ್ದು ಅಲ್ಲೇ. ಅದರ ಯಜಮಾನ ಚಿಕ್ಕಬೈರಪ್ಪ ಕೆರೆಯ ಕೆಳಗೆ ಗದ್ದೆ ಇಟ್ಟುಕೊಂಡಿದ್ದವರು. ಬಿಡುವಿದ್ದಾಗ ಮೀನಿಗೆ ಬಲೆ ಬಿಡುತ್ತಿದ್ದರು.

"ಏನವ್ವ, ಇವತ್ತು ಹಕ್ಕಿ ನೋಡೋದ್ ಬುಟ್ಟು ಎಲ್ರೂ ನೆಲ ನೋಡ್ತಾವ್ರೆ?"

"ಬೈರಪ್ಪನೋರೇ, ಈ ವಾರ ಇಲ್ಲಿಗೆ ಹೊಸಬರು ಯಾರಾದ್ರೂ ಬಂದಿದ್ರಾ?"

"ಹೊಸಬ್ರು ಯಾರೂ ಇಲ್ಲ. ಗುರುವಾರ ಮೇಷ್ಟ್ರು ಬಸ್ಸಿಗೆ ಬಂದಿದ್ರು, ಒಬ್ರೇ."

"ಮೇಷ್ಟ್ರಾ? ಯಾಕೆ?"

"ಕೆರೇಲಿ ಹನ್ನೊಂದು ಹೆಬ್ಬಾತು ಇಳಿದವೆ, ನಿನ್ ಗದ್ದೆ ಪೈರು ಮೇಯ್ದುಬುಡ್ತವೆ, ಉಸಾರು ಕಣಪ್ಪ — ಅಂತ ಯೋಳಾಕೆ. ಪಾಪ, ಅದ್ಕೋಸ್ಕರ ಅಷ್ಟು ದೂರ!"

"ಮೇಯ್ದವಾ?"

ಚಿಕ್ಕಬೈರಪ್ಪ ನಕ್ಕರು. "ಎಲ್ಲಿ ಬಾತು, ಯಾವ ಬಾತು? ಹೋದ ಭಾನುವಾರ ಆ ಮೂಲೇಲಿ ನಾನು ಬಲೆ ಬುಟ್ಟಿದ್ದೆ. ಬಲೆ ಮುಳುಗ್ದಂಗೆ ಹನ್ನೊಂದು ಒಣ ಸೋರೆಬುರುಡೆ ಕಟ್ಟಿದ್ದೆ. ಅವೇ ತೇಲ್ತಿದ್ದಿದ್ದು. ಅಂಗಂತ ಯೋಳ್ದೆ. ಮೇಷ್ಟ್ರು ಆಮ್ಯಾಕೆ ಮಾತೇ ಆಡ್ಲಿಲ್ಲ. ಸುಮ್ಕೆ ಒಂಟೋದ್ರು."

ನನ್ನ ಕಿವಿ ಬಿಸಿಯಾಯಿತು.

ಇಲ್ಲಿ ನಮ್ಮ ಗುಂಪಿನ ಕಟ್ಟುಪಾಡೊಂದನ್ನು ಹೇಳಬೇಕು. ಅದನ್ನು ಮಾಡಿದವರು ಮೇಷ್ಟ್ರೇ. ಒಬ್ಬರು ಹಕ್ಕಿಯ ಹೆಸರು ಕೂಗಿದರೆ ಸಾಲದು. ಇನ್ನೊಬ್ಬರು ತಮ್ಮ ಕಣ್ಣಾರೆ ನೋಡಿ 'ಕಂಡೆ' ಎನ್ನಬೇಕು. ಆಗ ಮಾತ್ರ ಅದು ಇಬ್ಬರ ಹೆಸರಿನ ಸಮೇತ ಪುಸ್ತಕಕ್ಕೆ ಏರುವುದು. ಒಬ್ಬನ ಕಣ್ಣಿಗೆ ಆಸೆ ಜಾಸ್ತಿ, ಅದಕ್ಕೆ ಇನ್ನೊಬ್ಬನ ಕಣ್ಣು ಬೇಕು ಎನ್ನುತ್ತಿದ್ದರು.

"ತಿರುಮಲೇಶ್," ಎಂದರು ಗಿರಿಜಾದೇವಿ, "ಆ ಹನ್ನೊಂದು ಹೆಬ್ಬಾತಿಗೆ 'ಕಂಡೆ' ಅಂದಿದ್ದು ಯಾರು?"

"ನಾನು."

"ಕಂಡಿತ್ತಾ?"

"ಬುರುಡೆ ಕಂಡಿತ್ತು ಮಿಸ್."

"ಮತ್ತೆ?"

"ಮೇಷ್ಟ್ರು ಚಿಕ್ಕ ಮಕ್ಕಳ ಥರ ಕೈ ಎತ್ತಿ ತೋರಿಸ್ತಿದ್ರು. ಏಳು ವರ್ಷದಲ್ಲಿ ಮೊದಲನೇ ಸಲ ಹೆಬ್ಬಾತು ಬಂತು ಅಂತ ಕಣ್ಣಲ್ಲಿ ನೀರು ಬೇರೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

"ಅದೊಂದೇ ಸಲಾನಾ?"

ನಾನು ತಲೆ ತಗ್ಗಿಸಿದೆ. ಅದೊಂದೇ ಸಲವಲ್ಲ. ಮೇಷ್ಟ್ರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ನೀರಿನಲ್ಲಿ ನಿಂತ ಕಲ್ಲನ್ನು ಅವರು ಬಕ ಎಂದರೂ ನಾನು 'ಕಂಡೆ ಸಾರ್' ಎನ್ನುತ್ತಿದ್ದೆ. ಈ ಪಾಪ ಮಾಡುತ್ತಿರುವವನು ನಾನೊಬ್ಬನೇ ಎಂದುಕೊಂಡು ಎಷ್ಟೋ ಭಾನುವಾರ ಊಟ ಸೇರುತ್ತಿರಲಿಲ್ಲ.

"ಸೈಕಲ್ ತೆಗೀರಿ," ಎಂದರು ಗಿರಿಜಾದೇವಿ. "ಮೇಷ್ಟ್ರ ಮನೆಗೆ ಹೋಗೋಣ."

"ಕಳ್ಳನ್ನ ಹುಡುಕೋದು ಬೇಡ್ವಾ?"

"ಕಳ್ಳರೂ ನಮ್ಮ ಜೊತೇಲೇ ಬರ್ತಾರೆ."

ಜಯನಗರ ನಾಲ್ಕನೇ ಬ್ಲಾಕಿನ ಆ ಪುಟ್ಟ ಮನೆಯ ಹಜಾರದಲ್ಲಿ ನಾವು ಕುಳಿತಾಗ ಎಂಟು ಗಂಟೆ ಹೊಡೆದಿತ್ತು. ಮೇಷ್ಟ್ರ ಹೆಂಡತಿ ಕಮಲಾದೇವಿ ಎಲ್ಲರ ಮುಂದೆ ಕಾಫಿ ಇಟ್ಟು, ಒಗೆಯುವ ಬಟ್ಟೆ, ಬೆಳಗಿನ ಪಾತ್ರೆ ಎಲ್ಲ ಎತ್ತಿಕೊಂಡು ಹಿತ್ತಲಿಗೆ ಹೋದರು.

ಮೇಷ್ಟ್ರು ಲೋಟಕ್ಕೆ ಕೈ ಚಾಚಿದರು. ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಆಮೇಲೆ ಮೇಜಿನ ಮೇಲೆ ಮೆಲ್ಲಗೆ ತಡವರಿಸುತ್ತಾ ಹೋಗಿ ಲೋಟವನ್ನು ಕಂಡುಕೊಂಡಿತು.

ಗಿರಿಜಾದೇವಿ ಅದನ್ನೇ ನೋಡುತ್ತಿದ್ದರು. "ಮೇಷ್ಟ್ರೇ," ಎಂದರು, ತುಂಬ ಮೆತ್ತಗೆ, "ಪುಸ್ತಕದ ರಟ್ಟು ಯಾವ ಬಣ್ಣ?"

"ಕಪ್ಪು."

"ಚೀಲ?"

"ಅದೂ ಕಪ್ಪೇ. ಯಾಕಮ್ಮ?"

"ಇವತ್ತು ಏರಿ ಮೇಲೆ ಬೆಳಕು ಎಷ್ಟಿತ್ತು?"

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು.

"ನನ್ನ ಕಣ್ಣು ನೆಟ್ಟಗಿದೆ. ಆದ್ರೂ ಆ ಚೀಲದಲ್ಲಿ ಏನಿದೆ, ಏನಿಲ್ಲ ಅಂತ ತಿಳಿಯೋಕೆ ನಾನು ಮೊಳಕೈವರೆಗೆ ಕೈ ಹಾಕಿ ತಡವಬೇಕಾಯ್ತು. ನೀವು ಕೈನೇ ಹಾಕ್ಲಿಲ್ಲ. ಒಂದು ಸಲ ಇಣುಕಿದ್ರಿ — ಇಲ್ಲ ಅಂದುಬಿಟ್ರಿ. ಎದುರಿಗಿರೋ ಲೋಟಾನೇ ತಡವಿ ಹಿಡಿಯೋ ನಿಮಗೆ, ಕತ್ತಲೆ ಚೀಲದಲ್ಲಿ ಕಪ್ಪು ಪುಸ್ತಕ ಇಲ್ಲ ಅನ್ನೋದು ಹೇಗೆ ಕಾಣ್ತು?"

ವೆಂಕಟಾಚಲ ಮೇಷ್ಟ್ರ ಕಡೆ ತಿರುಗಿದ.

"ಕಾಣ್ಲಿಲ್ಲ. ಮೊದಲೇ ಗೊತ್ತಿತ್ತು. ಚೀಲ ದಾರೀಲಿ ಹಗುರಾನೂ ಆಗ್ಲಿಲ್ಲ. ಯಾಕಂದ್ರೆ ಪುಸ್ತಕ ಈ ಮನೆ ಬಿಟ್ಟು ಹೊರಟೇ ಇಲ್ಲ. ಅದನ್ನ ಬಚ್ಚಿಟ್ಟೋರು ನೀವೇ, ಮೇಷ್ಟ್ರೇ."

ಮೇಷ್ಟ್ರು, "ಅಕ್ಕಿ ಡಬ್ಬದಲ್ಲಿದೆ," ಎಂದರು. "ವೆಂಕಟಾಚಲ, ತಗೊಂಬಾರಪ್ಪ. ನಮ್ಮನೆಯವಳಿಗೆ ಗೊತ್ತಾಗೋದು ಬೇಡ."

ವೆಂಕಟಾಚಲ ಅಕ್ಕಿಕಾಳು ಉದುರಿಸುತ್ತಾ ಪುಸ್ತಕ ತಂದು ಮೇಜಿನ ಮೇಲಿಟ್ಟ. "ಯಾಕೆ ಸಾರ್? ನಿಮ್ಮದೇ ಪುಸ್ತಕ!"

"ಹನ್ನೊಂದು ಸೋರೆಬುರುಡೆಗೆ ಎರಡು ಹೆಸರು ಬಿದ್ದಿದೆ ಕಣಯ್ಯ. ಒಂದು ನಂದು. ಕುರುಡ ಮುದುಕ ತಪ್ಪು ನೋಡಿದ ಅಂತ ಜನ ಬಿಟ್ಟುಬಿಡ್ತಾರೆ. ಇನ್ನೊಂದು ತಿರುಮಲೇಶಂದು. ಅವನಿಗೆ ಕಣ್ಣಿದೆ. ಅಚ್ಚಾದ ಮೇಲೆ ಯಾರಾದ್ರೂ ತಿಳಿದೋರು ಓದಿದ್ರೆ ಅವನನ್ನ ಸುಳ್ಳ ಅಂತಾರೆ. ಹಿಂದಿನ ಪುಟಗಳಲ್ಲಿ ನಿಮ್ಮ ಹೆಸರುಗಳೂ ಇವೆ. ಮೂರು ದಿನ ಕೂತು ಯೋಚಿಸ್ದೆ. ಯಾವುದು ನಿಜ, ಯಾವುದು ನನ್ನ ಮೇಲಿನ ಪ್ರೀತಿ, ನನಗೆ ಬಗೆಹರೀಲಿಲ್ಲ. ಪುಸ್ತಕಾನೇ ಇಲ್ಲ ಅಂದ್ರೆ ನಿಮ್ಮ ಮರ್ಯಾದೆ ಉಳಿಯುತ್ತೆ ಅಂದ್ಕೊಂಡೆ. ನಿಮ್ಮನ್ನೇ ಕಳ್ಳರು ಅನ್ನೋ ಹಾಗಾಗುತ್ತೆ ಅಂತ ಈ ಮಂಕುತಲೆಗೆ ಹೊಳೀಲಿಲ್ಲ. ಕ್ಷಮಿಸಿ."

ನಾನು ಅತ್ತೆ. ಮೂವತ್ತೊಂದು ವರ್ಷದ ಗಂಡಸು, ಹೆಡ್ ಮಿಸ್ ಎದುರಿಗೆ ಅತ್ತೆ. ನಾಚಿಕೆಯಾಗಲಿಲ್ಲ. ಏಳು ವರ್ಷದ ದುಡಿಮೆ, ಬೊಂಬಾಯಿಯ ಕಾಗದ, ಎಲ್ಲವನ್ನೂ ಅವರು ನನ್ನಂಥವನ ಹೆಸರಿಗಾಗಿ ಅಕ್ಕಿಯಲ್ಲಿ ಹೂತಿದ್ದರು.

ವೆಂಕಟಾಚಲ ಪುಸ್ತಕದ ಪುಟ ತಿರುವಿ ಒಂದು ಕಡೆ ಬೆರಳಿಟ್ಟ. "ಹೋದ ವರ್ಷ ಡಿಸೆಂಬರ್. ಸೂಜಿಬಾಲದ ಬಾತು, ಆರು. ನಾನು ಕಂಡಿರ್ಲಿಲ್ಲ ಸಾರ್."

"ನಂದು ನಾಲ್ಕಿವೆ," ಎಂದರು ಗಿರಿಜಾದೇವಿ.

ನಾವಿಬ್ಬರೂ ಬೆಚ್ಚಿ ಅವರ ಕಡೆ ನೋಡಿದೆವು.

"ಏನು ನೋಡ್ತೀರಿ? ಕಾಪಿ ಹೊಡೆಯೋ ಹುಡುಗೀರನ್ನ ಬೆಂಚಿನ ಮೇಲೆ ನಿಲ್ಲಿಸೋಳು ನಾನು. ನಾಲ್ಕು ಸಲ ಕಾಣದೇ ಕಂಡೆ ಅಂದಿದೀನಿ. ಮೇಷ್ಟ್ರೇ, ಕೆಂಪು ಪೆನ್ಸಿಲ್ ಎಲ್ಲಿದೆ?"

ನಿವೃತ್ತ ಮೇಷ್ಟ್ರ ಮನೆಯಲ್ಲಿ ಕೆಂಪು ಪೆನ್ಸಿಲಿಗೆ ಬರವೇ? ಪುಟಪುಟವಾಗಿ ನಾನು ಓದಿದೆ. ಯಾರ ಸುಳ್ಳೋ ಅವರೇ ಕೈಯಾರೆ ಅದಕ್ಕೆ ಗೆರೆ ಎಳೆದು ಸಹಿ ಹಾಕಿದರು. ಹದಿನೆಂಟಕ್ಕೆ ನನ್ನದೇ ಸಹಿ ಬಿತ್ತು. ಮೊದಲ ಐದು ಚಳಿಗಾಲದ ಪುಟಗಳಲ್ಲಿ ಒಂದು ಗೆರೆಯನ್ನೂ ಎಳೆಯಬೇಕಾಗಲಿಲ್ಲ.

"ಬೊಂಬಾಯಿಯವರಿಗೆ ಇದನ್ನೇ ಕೊಡೋಣ, ಗೆರೆ ಸಮೇತ," ಎಂದರು ಗಿರಿಜಾದೇವಿ. "ಅಚ್ಚು ಹಾಕಿದ್ರೆ ಹಾಕ್ಲಿ, ಬಿಟ್ರೆ ಬಿಡ್ಲಿ. ಆದ್ರೆ ಮೇಷ್ಟ್ರೇ, ಮುಂದಿನ ಭಾನುವಾರ ನೀವು ಬರ್ಬೇಕು."

ಮೇಷ್ಟ್ರು ತಲೆಯಾಡಿಸಿದರು. "ಬಂದು ಏನು ಮಾಡ್ಲಿ? ಇನ್ನು ಮೇಲೆ ನನ್ನ ಮಾತು ಬರೀಬೇಡಿ. ನಿಮ್ಮ 'ಕಂಡೆ'ನೂ ನಾನು ನಂಬೋ ಹಾಗಿಲ್ಲ. ಮುಗೀತು."

ಗೋಡೆ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲಾಗಿತ್ತು.

ಆಗ ಮೇಷ್ಟ್ರ ತಲೆ ಥಟ್ಟನೆ ಮೇಲೆದ್ದಿತು. ಕಿವಿ ಹಿತ್ತಲ ಕಡೆಗೆ ವಾಲಿತು.

"ಬೂದು ಸಿಪಿಲೆ," ಎಂದರು. ಹಳೆಯ ಅಭ್ಯಾಸ, ಬಾಯಿಂದ ತಾನೇ ಬಂದುಬಿಟ್ಟಿತು. "ಹಿತ್ತಲ ಕೊಳಾಯಿ ಹತ್ರ. ಒಂದೇ."

ನಮಗೆ ಏನೂ ಕೇಳಿಸಿರಲಿಲ್ಲ. ನನ್ನ ನಾಲಿಗೆ ತುದಿಗೆ ಬಂದ 'ಕಂಡೆ ಸಾರ್' ಅನ್ನು ನುಂಗಿಕೊಂಡೆ. ಗಿರಿಜಾದೇವಿಯೂ ಏಳಲಿಲ್ಲ. ನಾವು ಎದ್ದು ಹೋಗಿ, ನೋಡಿ ಬಂದು ಹೇಳಿದರೂ ಅದಕ್ಕೆ ಇನ್ನು ಬೆಲೆ ಎಲ್ಲಿತ್ತು? ಮೇಷ್ಟ್ರ ಮುಖ ಮತ್ತೆ ಕೆಳಗಾಯಿತು.

ಅಷ್ಟರಲ್ಲಿ ಹಿತ್ತಲಿನಿಂದ ಪಾತ್ರೆಗಳ ಸದ್ದಿನ ನಡುವೆ ಕಮಲಾದೇವಿಯವರ ದನಿ ಕೇಳಿತು. ನಮ್ಮ ಕಟ್ಟುಪಾಡು ಅವರಿಗೆ ಗೊತ್ತಿರಲಿಲ್ಲ. ಹಜಾರದಲ್ಲಿ ನಡೆದದ್ದೂ ಗೊತ್ತಿರಲಿಲ್ಲ.

"ಏನೂಂದ್ರೆ! ಆ ಬಾಲ ಕುಣಿಸೋ ಹಕ್ಕಿ ಮತ್ತೆ ಬಂದಿದೆ ನೋಡಿ! ಅದೇ, ಬೂದು ಬೆನ್ನು, ಹಳದಿ ಹೊಟ್ಟೇದು. ಕಾಲ ಹತ್ರಾನೇ ಓಡಾಡುತ್ತೆ, ಪಾತ್ರೆ ತೊಳೆಯೋಕೇ ಬಿಡಲ್ಲ!"

ಮೇಷ್ಟ್ರು ನನ್ನ ಕಡೆ ತಿರುಗಿದರು. ಪೊರೆ ಕವಿದ ಆ ಕಣ್ಣುಗಳಿಗೆ ನಾನು ಕಂಡೆನೋ ಇಲ್ಲವೋ.

"ಬರ್ಕೊಳಯ್ಯ," ಎಂದರು.

ಕೆಂಪು ಗೆರೆಗಳ ಕೆಳಗೆ, ಹೊಸ ಸಾಲಿನಲ್ಲಿ, ನಾನು ಬರೆದೆ: ೨೪ ಜನವರಿ ೧೯೬೫. ಬೂದು ಸಿಪಿಲೆ, ಒಂದು. ಕೇಳಿದವರು ಅನಂತಪದ್ಮನಾಭ. ಕಂಡವರು ಕಮಲಾದೇವಿ.